ಯಾರು, ಯಾರಿಗೆ ಹೇಳಿದ ಮಾತು? – ದೇವರು, ದೆವ್ವ, ಪ್ರಾರ್ಥನೆಗಳ ಕುರಿತು ಓದುಗರ ಪ್ರಶ್ನೆಗಳು

ದೇವರನ್ನೋ ದೆವ್ವವನ್ನೋ ಹೆಸರಿಸುವ ಪ್ರಸಿದ್ಧ ಮಾತುಗಳ ಮೂಲವನ್ನು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಒಟ್ಟಾಗಿ ಆರಿಸಿಕೊಂಡಿದ್ದೇವೆ. ಇಂಥ ಮಾತುಗಳಿಗೆ ಒಂದು ವಿಚಿತ್ರ ಗತಿ ಒದಗುತ್ತದೆ. ಅವು ಎಷ್ಟು ಜನಪ್ರಿಯವಾಗುತ್ತವೆಯೋ ಅಷ್ಟು ಬೇಗ ಹೇಳಿದವರ ಹೆಸರನ್ನೂ, ಹಿಂದುಮುಂದಿನ ಸಾಲುಗಳನ್ನೂ ಕಳೆದುಕೊಳ್ಳುತ್ತವೆ. ಆದ್ದರಿಂದ ಉತ್ತರಗಳಲ್ಲಿ ಸಾಧ್ಯವಾದಷ್ಟೂ ಆ ಸಾಲುಗಳನ್ನು ಮರಳಿ ಜೋಡಿಸಲು ಯತ್ನಿಸಿದ್ದೇವೆ.

ಪ್ರಶ್ನೆ: ನಮ್ಮ ಶಾಲೆಯ ಗೋಡೆಯ ಮೇಲೆ ‘ಕಾಯಕವೇ ಕೈಲಾಸ – ಬಸವಣ್ಣ’ ಎಂಬ ಬರಹ ಹಲವು ವರ್ಷಗಳಿಂದ ಇದೆ. ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಅದು ಬಸವಣ್ಣನವರ ಮಾತಲ್ಲ ಎನ್ನುತ್ತಾರೆ. ಗೋಡೆಗೆ ಮತ್ತೆ ಬಣ್ಣ ಹೊಡೆಸುವ ಮೊದಲು ತಿಳಿದುಕೊಳ್ಳಬೇಕಾಗಿದೆ. – ಮುಖ್ಯ ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಸಹೋದ್ಯೋಗಿ ಹೇಳುತ್ತಿರುವುದು ಸರಿ. ಈ ಮಾತು ನಮಗೆ ದೊರೆಯುವುದು 12ನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಪೂರ್ತಿ ವಚನ ಹೀಗಿದೆ: ‘ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು, ಜಂಗಮ ಮುಂದಿದ್ದಡೂ ಹಂಗ ಹರಿಯಬೇಕು. ಕಾಯಕವೆ ಕೈಲಾಸವಾದ ಕಾರಣ, ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.’

ಇದನ್ನು ನಿಧಾನವಾಗಿ ಓದಿದರೆ ಗೋಡೆಯ ಮೇಲಿನ ಎರಡು ಪದಗಳು ಎಷ್ಟು ಸೌಮ್ಯವಾಗಿಬಿಟ್ಟಿವೆ ಎಂಬುದು ಗೊತ್ತಾಗುತ್ತದೆ. ಗುರು, ಲಿಂಗ, ಜಂಗಮ ಈ ಮೂರೂ ಶರಣರಿಗೆ ಪರಮ ಪೂಜ್ಯವಾದವು. ಮಾರಯ್ಯ ಒಂದೊಂದನ್ನೇ ಹೆಸರಿಟ್ಟು ಕರೆದು, ಕೆಲಸ ಕೈಯಲ್ಲಿರುವಾಗ ಇವುಗಳನ್ನು ಮರೆಯಬೇಕು, ಇವುಗಳ ಹಂಗನ್ನು ಹರಿದುಕೊಳ್ಳಬೇಕು ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ತನ್ನ ಅಂಕಿತವೂ ಆರಾಧ್ಯದೈವವೂ ಆದ ಅಮರೇಶ್ವರಲಿಂಗ ಕೂಡ ಕಾಯಕದ ಒಳಗಿನದು, ಅದಕ್ಕೆ ಹೊರತಾದದ್ದಲ್ಲ ಎಂದು ಮುಗಿಸುತ್ತಾನೆ. ‘ಕೆಲಸವೇ ಪೂಜೆ’ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಇದಕ್ಕೆ ಸಮಾನವೆಂದು ಕೊಡುವ ವಾಡಿಕೆಯಿದೆಯಾದರೂ ಅದು ಇಲ್ಲಿಗೆ ಸಾಲದು. ಅಲ್ಲಿ ಕೆಲಸ ಮತ್ತು ಪೂಜೆ ಸರಿಸಮವಾಗಿವೆ, ಇಲ್ಲಿ ಪೂಜೆ ಕಾಯಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ವಚನದಲ್ಲಿ ಈ ಮಾತು ಘೋಷಣೆಯಾಗಿ ಬರದೆ ‘ಕೈಲಾಸವಾದ ಕಾರಣ’ ಎಂದು ವಾಕ್ಯದ ನಡುವೆ ಕಾರಣವಾಗಿ ಬರುತ್ತದೆ. ಕೇಳುವವರು ಆಗಲೇ ಒಪ್ಪಿಕೊಂಡಿರುವ ಸಂಗತಿಯನ್ನು ನೆನಪಿಸುವ ಧಾಟಿ ಅದು.

ಮಾರಯ್ಯನ ಕಾಯಕ ಯಾವುದೆಂಬುದನ್ನು ಅವನ ಹೆಸರೇ ಹೇಳುತ್ತದೆ: ಕಲ್ಯಾಣದಲ್ಲಿ ಚೆಲ್ಲಿಹೋದ ಅಕ್ಕಿಯ ಕಾಳುಗಳನ್ನು ಆಯ್ದು ತಂದು ದಾಸೋಹ ಮಾಡುವುದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದ ಈ ದಂಪತಿಗಳಲ್ಲಿ ಹೆಂಡತಿ ಲಕ್ಕಮ್ಮ ಗಂಡನಿಗಿಂತ ಒಂದು ಕೈ ಮೇಲು. ಗಂಡ ಶರಣರೊಡನೆ ಅನುಭಾವದ ಮಾತಿನಲ್ಲಿ ಮೈಮರೆತಾಗ ‘ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ’ ಎಂದು ಎಬ್ಬಿಸಿ ಕಳುಹಿಸಿದವಳು ಅವಳು. ಅವನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ದಿನ, ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?’ ಎಂದು ಕೇಳಿ, ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’ ಎಂದು ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದವಳೂ ಅವಳೇ. ಈ ಅಕ್ಕಿಯ ಲೆಕ್ಕ ಜೊತೆಗಿಲ್ಲದಿದ್ದರೆ ‘ಕಾಯಕವೇ ಕೈಲಾಸ’ ಎಂಬುದು ಹೆಚ್ಚು ದುಡಿಯಿರಿ, ಹೆಚ್ಚು ಗಳಿಸಿರಿ ಎಂಬ ಉಪದೇಶವಾಗಿಯೂ ಬಳಕೆಯಾಗಬಲ್ಲದು, ಆಗಿಯೂ ಇದೆ. ಒಮ್ಮೆ ಸರ್ಕಾರಿ ಕಚೇರಿಯೊಂದರಲ್ಲಿ ಈ ಮಾತಿನ ಚೌಕಟ್ಟು ಹಾಕಿದ ಫಲಕದ ಕೆಳಗೆ, ಖಾಲಿ ಕುರ್ಚಿಯನ್ನು ನೋಡುತ್ತ ನಾನು ಒಂದು ಮಧ್ಯಾಹ್ನವಿಡೀ ಕುಳಿತಿದ್ದೆ. ಲಕ್ಕಮ್ಮ ಬಹಳ ನೆನಪಾದಳು.

ಬಸವಣ್ಣನವರು ಕಾಯಕದ ತತ್ತ್ವವನ್ನು ಬೋಧಿಸಲಿಲ್ಲವೆಂದು ಇದರ ಅರ್ಥವಲ್ಲ. ಗೋಡೆಯ ಮೇಲೆ ಹೆಸರನ್ನು ಮಾತ್ರ ಬದಲಿಸಿ. ಜಾಗವಿದ್ದರೆ ಪೂರ್ತಿ ವಚನವನ್ನೇ ಬರೆಸಿ.

ಪ್ರಶ್ನೆ: ಸರ್ವಧರ್ಮ ಸಮಾರಂಭಗಳಲ್ಲಿ ‘ದೇವನೊಬ್ಬ ನಾಮ ಹಲವು’ ಎಂದು ಹೇಳುವುದನ್ನು ಕೇಳಿದ್ದೇನೆ. ಇದು ಗಾದೆಯೋ, ವಚನವೋ? – ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ವಚನ, ಮತ್ತು ಇದು ಬಸವಣ್ಣನವರದೇ. ಆದರೆ ವೇದಿಕೆಯ ಮೇಲೆ ಇದನ್ನು ಮೊದಲ ಮೂರು ಪದಗಳಿಗೇ ನಿಲ್ಲಿಸುವುದಕ್ಕೆ ಕಾರಣವಿದೆ. ಮುಂದಿನದನ್ನು ಓದಿ: ‘ದೇವನೊಬ್ಬ, ನಾಮ ಹಲವು, ಪರಮ ಪತಿವ್ರತೆಗೆ ಗಂಡನೊಬ್ಬ. ಮತ್ತೊಂದಕ್ಕೆರಗಿದಡೆ ಕಿವಿ ಮೂಗ ಕೊಯ್ವನು. ಹಲವು ದೈವದ ಎಂಜಲ ತಿಂಬವರನೇನೆಂಬೆ, ಕೂಡಲಸಂಗಮದೇವಾ!’

ಎಲ್ಲ ದೇವರಿಗೂ ಕೈಮುಗಿಯೋಣ ಎಂಬ ಸಮಾಧಾನದ ಮಾತು ಇದಲ್ಲ ಎಂಬುದು ಇನ್ನು ಬಿಡಿಸಿ ಹೇಳಬೇಕಾದದ್ದಲ್ಲ. ನಿಷ್ಠೆ ಒಬ್ಬನಿಗೇ ಸಲ್ಲಬೇಕು, ಇಂದು ಈ ಗುಡಿ ನಾಳೆ ಆ ಗುಡಿ ಎಂದು ಸುತ್ತುವವರು ಎಂಜಲಿಗೆ ಕೈಯೊಡ್ಡುವವರು ಎಂದು ವಚನ ಕಟುವಾಗಿಯೇ ಹೇಳುತ್ತದೆ. ‘ನಾಮ ಹಲವು’ ಎಂಬ ಮಾತಿಗೆ ಇಲ್ಲಿ ಇರುವುದು ಸಣ್ಣ ಜಾಗ, ವಚನದ ಭಾರವೆಲ್ಲ ‘ಒಬ್ಬ’ ಎಂಬುದರ ಮೇಲಿದೆ. ಕಿವಿ ಮೂಗು ಕೊಯ್ಯುವ, ಪತಿವ್ರತೆಯ ಹೋಲಿಕೆ ಇಂದಿನ ಓದುಗರಿಗೆ ಕಸಿವಿಸಿ ಉಂಟುಮಾಡುವುದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ.

ಸಮಾರಂಭಕ್ಕೆ ಒಪ್ಪುವ ಮಾತು ಬೇಕಿದ್ದರೆ ಋಗ್ವೇದದ ಮೊದಲನೆಯ ಮಂಡಲದ 164ನೆಯ ಸೂಕ್ತದಲ್ಲಿ ‘ಏಕಂ ಸದ್ವಿಪ್ರಾ ಬಹುಧಾ ವದಂತಿ’ ಎಂಬುದಿದೆ. ಅದೂ ಕತ್ತರಿಸಿದ ತುಣುಕೇ, ಆದರೆ ಅಲ್ಲಿ ಕತ್ತರಿ ಅರ್ಥವನ್ನು ತಿರುಗಿಸುವುದಿಲ್ಲ. ಆ ಮಂತ್ರದ ಉಳಿದ ಭಾಗವೆಲ್ಲ ಇಂದ್ರ, ಮಿತ್ರ, ವರುಣ, ಅಗ್ನಿ, ಯಮ, ಮಾತರಿಶ್ವ ಎಂದು ಹೆಸರುಗಳನ್ನು ಒಂದರ ಹಿಂದೊಂದು ಹೇಳುತ್ತ ಹೋಗುತ್ತದೆ.

ಪ್ರಶ್ನೆ: ‘ಭೂತದ ಬಾಯಲ್ಲಿ ಭಗವದ್ಗೀತೆ’ ಎಂಬುದು ಷೇಕ್ಸ್‌ಪಿಯರನ ಸೈತಾನನ ಮಾತಿನ ಅನುವಾದವೆಂದು ನಮ್ಮ ಅಧ್ಯಾಪಕರು ಹೇಳಿದರು. ಎರಡೂ ಒಂದೆಯೇ? – ಪದವಿ ವಿದ್ಯಾರ್ಥಿ, ಉಡುಪಿ

ಉತ್ತರ: ಎರಡೂ ಅಕ್ಕಪಕ್ಕದ ಮನೆಯವು ಎನ್ನಬಹುದು, ಒಂದೇ ಮನೆಯವಲ್ಲ. ಷೇಕ್ಸ್‌ಪಿಯರನ ಮಾತು ಬರುವುದು ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ಮೊದಲ ಅಂಕದ ಮೂರನೆಯ ದೃಶ್ಯದಲ್ಲಿ. ಗೆಳೆಯನಿಗಾಗಿ 3000 ಡುಕಾಟ್ ಸಾಲ ಕೇಳಲು ವ್ಯಾಪಾರಿ ಆಂಟೋನಿಯೊ ಯೆಹೂದಿ ಲೇವಾದೇವಿಗಾರ ಶೈಲಾಕನ ಬಳಿಗೆ ಬಂದಿದ್ದಾನೆ. ಬಡ್ಡಿ ಪಾಪವೆನ್ನುವವನು ಅವನು. ಶೈಲಾಕ್ ಅದಕ್ಕೆ ಉತ್ತರವಾಗಿ ಬೈಬಲ್ಲಿನ ಆದಿಕಾಂಡದ ಕತೆ ಎತ್ತುತ್ತಾನೆ. ಮಾವ ಲಾಬಾನನ ಮಂದೆಯಲ್ಲಿ ಹುಟ್ಟುವ ಪಟ್ಟೆ ಮರಿಗಳೆಲ್ಲ ತನ್ನವೆಂದು ಮಾತಾಡಿಕೊಂಡ ಯಾಕೋಬ, ಸಿಪ್ಪೆ ಸುಲಿದ ಕೋಲುಗಳನ್ನು ಕುರಿಗಳ ಕಣ್ಣೆದುರು ನೆಟ್ಟು ಪಟ್ಟೆ ಮರಿಗಳೇ ಹುಟ್ಟುವಂತೆ ಮಾಡಿಕೊಂಡ ಕತೆ ಅದು. ನಿನ್ನ ಬೆಳ್ಳಿ ಬಂಗಾರವೇನು ಕುರಿ ಟಗರುಗಳೇ ಎಂದು ಆಂಟೋನಿಯೊ ಕೇಳಿದರೆ, ಗೊತ್ತಿಲ್ಲ, ನಾನಂತೂ ಅಷ್ಟೇ ವೇಗವಾಗಿ ಮರಿ ಹಾಕಿಸುತ್ತೇನೆ ಎಂದು ಶೈಲಾಕ್ ಹೇಳುತ್ತಾನೆ. ಆಗ ಆಂಟೋನಿಯೊ ಗೆಳೆಯ ಬಸಾನಿಯೊನ ಕಡೆ ತಿರುಗಿ, ನೋಡಿದೆಯಾ, ತನಗೆ ಬೇಕಾದಾಗ ಸೈತಾನನೂ ಶಾಸ್ತ್ರವನ್ನು ಉದ್ಧರಿಸಬಲ್ಲ ಎನ್ನುತ್ತಾನೆ.

ಅಂದರೆ ಇದು ಕವಿಯ ತೀರ್ಪಲ್ಲ, ದ್ವೇಷ ತುಂಬಿದ ಒಂದು ಪಾತ್ರದ ಮಾತು. ಇದಾದ ಸ್ವಲ್ಪ ಹೊತ್ತಿಗೇ, ನೀವು ನನ್ನನ್ನು ನಾಯಿ ಎಂದು ಕರೆದು ನನ್ನ ನಿಲುವಂಗಿಯ ಮೇಲೆ ಉಗುಳಿದವರು ಎಂದು ಶೈಲಾಕ್ ನೆನಪಿಸಿದಾಗ, ಮತ್ತೆಯೂ ಹಾಗೆಯೇ ಕರೆಯುತ್ತೇನೆ, ಮತ್ತೆಯೂ ಉಗುಳುತ್ತೇನೆ ಎಂದು ಆಂಟೋನಿಯೊ ಸಾಲ ಕೇಳುತ್ತಲೇ ಹೇಳುತ್ತಾನೆ. ಸೈತಾನ ಯಾರೆಂಬ ಪ್ರಶ್ನೆ ಪ್ರೇಕ್ಷಕರ ಪಾಲಿಗೆ ತೆರೆದೇ ಉಳಿಯುತ್ತದೆ. ಈ ಮಾತಿಗೂ ಹಿಂದೆ ಇನ್ನೊಂದು ಮೂಲವಿದೆ. ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ದು, ಧುಮುಕು, ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರೆಂದು ಬರೆದಿದೆಯಲ್ಲ ಎಂದು 91ನೆಯ ಕೀರ್ತನೆಯನ್ನೇ ಉದ್ಧರಿಸುತ್ತಾನೆ. ಯೇಸು ಉತ್ತರಿಸುವುದೂ ಶಾಸ್ತ್ರವಾಕ್ಯದಿಂದಲೇ.

ನಮ್ಮ ಮಾತಿನ ಮೊನೆ ಬೇರೆ ಕಡೆಗಿದೆ. ವಾದಕ್ಕೆ ಶಾಸ್ತ್ರವನ್ನು ಬಳಸಿಕೊಳ್ಳುವ ಜಾಣತನವನ್ನು ಕನ್ನಡದವರು ಇದರಿಂದ ಚುಚ್ಚುವುದಿಲ್ಲ. ಲಂಚ ತಿಂದವನು ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡಿದಾಗ ಇದು ಬಾಯಿಗೆ ಬರುತ್ತದೆ. ನೀವು ಉಡುಪಿಯವರಾದ್ದರಿಂದ ಇನ್ನೊಂದು ಮಾತು. ಘಟ್ಟದ ಮೇಲಿನವರಿಗೆ ಭೂತವೆಂದರೆ ದೆವ್ವ, ತುಳುನಾಡಿನಲ್ಲಿ ಭೂತವೆಂದರೆ ಕೋಲದಲ್ಲಿ ನುಡಿ ಕೊಟ್ಟು ನ್ಯಾಯ ತೀರಿಸುವ ದೈವ. ಹಾಗಾಗಿ ಈ ನುಡಿಗಟ್ಟು ಘಟ್ಟ ಇಳಿದ ಮೇಲೆ ತನ್ನ ಲೇವಡಿಯನ್ನು ಅಷ್ಟು ಸಲೀಸಾಗಿ ಹೊತ್ತು ತರಲಾರದು. ಕೆಲವರು ‘ದೆವ್ವದ ಬಾಯಲ್ಲಿ’ ಎಂದೇ ಹೇಳುತ್ತಾರೆ, ನಿಮ್ಮ ಕಡೆಗೆ ಅದೇ ವಾಸಿ.

ಪ್ರಶ್ನೆ: ‘ತಾನು ಇಲ್ಲವೆಂದು ಜಗತ್ತನ್ನು ನಂಬಿಸಿದ್ದೇ ಸೈತಾನ ಮಾಡಿದ ಅತಿ ದೊಡ್ಡ ಮೋಸ’ ಎಂಬುದು ಒಂದು ಇಂಗ್ಲಿಷ್ ಸಿನಿಮಾದ ಸಂಭಾಷಣೆ ತಾನೆ? – ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: 1995ರ ಹಾಲಿವುಡ್ ಚಿತ್ರವೊಂದು ಅದನ್ನು ಮನೆಮಾತಾಗಿಸಿತು, ನಿಜ. ಮಾತು ಮಾತ್ರ ಅದಕ್ಕಿಂತ ನೂರು ವರ್ಷಕ್ಕೂ ಹಳೆಯದು. ಫ್ರೆಂಚ್ ಕವಿ ಬೋದಿಲೇರ್ 1864ರಲ್ಲಿ ಪ್ರಕಟಿಸಿದ ಒಂದು ಗದ್ಯಕವಿತೆಯಲ್ಲಿ ಇದಿದೆ. ಅದರ ಹೆಸರನ್ನು ಕನ್ನಡದಲ್ಲಿ ‘ಉದಾರಿ ಜೂಜುಗಾರ’ ಎನ್ನಬಹುದು. ನಿರೂಪಕ ಸೈತಾನನೊಡನೆ ನೆಲಮಾಳಿಗೆಯ ವೈಭವದ ಮನೆಯೊಂದರಲ್ಲಿ ಉಂಡು, ಕುಡಿದು, ಜೂಜಾಡಿ ತನ್ನ ಆತ್ಮವನ್ನೇ ಸೋಲುತ್ತಾನೆ. ದಾರಿಯಲ್ಲಿ ಭೇಟಿಚೀಟಿ ಕಳೆದುಕೊಂಡಷ್ಟೂ ಬೇಸರ ಅವನಿಗಾಗುವುದಿಲ್ಲ. ಆಮೇಲೆ ಮಾತಿಗೆ ಮಾತು ಬಂದು ಸೈತಾನ ಒಂದು ಗುಟ್ಟು ಹೇಳುತ್ತಾನೆ: ತನ್ನ ಅಧಿಕಾರದ ಬಗ್ಗೆ ತನಗೆ ಭಯವಾದದ್ದು ಒಮ್ಮೆ ಮಾತ್ರ, ಜಾಣ ಪಾದ್ರಿಯೊಬ್ಬ ಧರ್ಮಪೀಠದಿಂದ, ಸಹೋದರರೇ, ಜ್ಞಾನೋದಯದ ಪ್ರಗತಿಯನ್ನು ಹೊಗಳುವುದನ್ನು ಕೇಳಿದಾಗಲೆಲ್ಲ ಮರೆಯಬೇಡಿ, ತಾನು ಇಲ್ಲವೆಂದು ನಂಬಿಸುವುದೇ ಸೈತಾನನ ಅತ್ಯಂತ ಸೊಗಸಾದ ತಂತ್ರ ಎಂದು ಎಚ್ಚರಿಸಿದಾಗ.

ಎಷ್ಟು ಸುತ್ತಿನ ಮಾತು ನೋಡಿ! ಪಾದ್ರಿ ಆಡಿದ್ದನ್ನು ಸೈತಾನ ನಿರೂಪಕನಿಗೆ ಹೇಳುತ್ತಾನೆ, ನಿರೂಪಕ ನಮಗೆ ಹೇಳುತ್ತಾನೆ. ಎದುರಿಗೆ ಕುಳಿತು ಮದ್ಯ ಬಗ್ಗಿಸುತ್ತ ‘ನಾನು ಇಲ್ಲ’ ಎಂಬ ತಂತ್ರದ ಬಗ್ಗೆ ಸೈತಾನನೇ ಮಾತಾಡುವುದು ಇದರ ಹಾಸ್ಯ. ಕೊನೆಯ ಸಾಲು ಇನ್ನೂ ಸೊಗಸು. ಸೋತ ಆತ್ಮಕ್ಕೆ ಪ್ರತಿಯಾಗಿ ಸೈತಾನ ಜೀವನದ ಬೇಸರದಿಂದ ಬಿಡುಗಡೆ ಕೊಡುವುದಾಗಿ ಮಾತು ಕೊಟ್ಟಿರುತ್ತಾನೆ. ಮನೆಗೆ ಬಂದ ನಿರೂಪಕನಿಗೆ ಅನುಮಾನ ಹುಟ್ಟಿ, ಮಲಗುವ ಮುನ್ನ ಹಳೆಯ ಅಭ್ಯಾಸದಂತೆ ಅರೆನಿದ್ದೆಯಲ್ಲಿ ಪ್ರಾರ್ಥಿಸುತ್ತಾನೆ: ದೇವರೇ, ಸೈತಾನ ಕೊಟ್ಟ ಮಾತನ್ನು ಉಳಿಸಿಕೊಳ್ಳುವಂತೆ ಮಾಡಪ್ಪಾ!

ಪ್ರಶ್ನೆ: ‘ದೇವರು ಸತ್ತಿದ್ದಾನೆ – ನೀಷೆ, ನೀಷೆ ಸತ್ತಿದ್ದಾನೆ – ದೇವರು’ ಎಂಬ ಚುಟುಕು ವಾಟ್ಸ್ಆ್ಯಪ್‌ನಲ್ಲಿ ಬಂತು. ನೀಷೆ ನಿಜಕ್ಕೂ ಹಾಗೆ ಗೇಲಿ ಮಾಡಿದ್ದನೇ? – ಗೃಹಿಣಿ, ಶಿವಮೊಗ್ಗ

ಉತ್ತರ: ಹೇಳಿದ್ದು ನಿಜ, ಗೇಲಿಗಾಗಿ ಅಲ್ಲ. ಜರ್ಮನ್ ತತ್ತ್ವಜ್ಞಾನಿ ನೀಷೆಯ, 1882ರಲ್ಲಿ ಹೊರಬಂದ ‘ದಿ ಗೇ ಸೈನ್ಸ್’ ಎಂಬ ಕೃತಿಯ 125ನೆಯ ಭಾಗದಲ್ಲಿ ಒಬ್ಬ ಹುಚ್ಚ ಹಗಲು ಬೆಳಕಿನಲ್ಲಿ ಕಂದೀಲು ಹಚ್ಚಿಕೊಂಡು ಸಂತೆಗೆ ಓಡಿ ಬಂದು, ದೇವರನ್ನು ಹುಡುಕುತ್ತಿದ್ದೇನೆ ಎಂದು ಕೂಗುತ್ತಾನೆ. ಅಲ್ಲಿ ನಿಂತಿದ್ದವರಲ್ಲಿ ಅನೇಕರು ದೇವರನ್ನು ನಂಬದವರು. ಗೇಲಿ ಮಾಡುವವರು ಅವರೇ: ದೇವರೇನು ಮಗುವಿನಂತೆ ದಾರಿ ತಪ್ಪಿದನೇ, ಅಡಗಿ ಕುಳಿತನೇ, ಹಡಗು ಹತ್ತಿ ಹೋದನೇ ಎಂದು ನಗುತ್ತಾರೆ. ಹುಚ್ಚ ಅವರ ನಡುವೆ ಹಾರಿ, ಅವನನ್ನು ನಾವೇ ಕೊಂದೆವು, ನೀವೂ ನಾನೂ ಎನ್ನುತ್ತಾನೆ. ಅವರು ಸುಮ್ಮನಾದಾಗ ಕಂದೀಲನ್ನು ನೆಲಕ್ಕೆ ಎಸೆದು ಚೂರು ಮಾಡಿ, ನಾನು ಬೇಗ ಬಂದುಬಿಟ್ಟೆ ಎನ್ನುತ್ತಾನೆ. ಮಾಡಿದವರಿಗೇ ತಾವು ಮಾಡಿದ್ದು ಇನ್ನೂ ತಿಳಿದಿಲ್ಲ ಎಂಬುದು ಅವನ ಸಂಕಟ. ಇದು ಪಾದ್ರಿಯ ಮಗನೊಬ್ಬ ಬರೆದ ಗಾಬರಿಯ ಬರಹ, ವಿಜಯೋತ್ಸವದ್ದಲ್ಲ.

ಅದೇ ಪುಸ್ತಕದ 108ನೆಯ ಭಾಗದಲ್ಲಿ ಈ ಮಾತು ಇನ್ನೂ ಮೊದಲೇ ಬರುತ್ತದೆ, ಅದೂ ನಮ್ಮ ಕಡೆಯ ಚಿತ್ರವೊಂದರ ಜೊತೆ. ಬುದ್ಧ ತೀರಿಕೊಂಡ ಮೇಲೂ ಶತಮಾನಗಳ ಕಾಲ ಒಂದು ಗುಹೆಯಲ್ಲಿ ಅವನ ನೆರಳನ್ನು ತೋರಿಸುತ್ತಿದ್ದರಂತೆ. ದೇವರು ಸತ್ತಿದ್ದಾನೆ, ಆದರೆ ಅವನ ನೆರಳನ್ನು ತೋರಿಸುವ ಗುಹೆಗಳು ಸಾವಿರಾರು ವರ್ಷ ಉಳಿದಾವು ಎಂದು ನೀಷೆ ಬರೆಯುತ್ತಾನೆ. ನೀಷೆ ಸತ್ತದ್ದು 1900ರಲ್ಲಿ. ಚುಟುಕಿನ ಎರಡನೆಯ ಅರ್ಧ ಅಷ್ಟರಮಟ್ಟಿಗೆ ಸರಿ.

ಪ್ರಶ್ನೆ: ‘ದೇವರು ದಾಳ ಉರುಳಿಸುವುದಿಲ್ಲ’ ಎಂದ ಐನ್‌ಸ್ಟೈನ್ ಆಸ್ತಿಕರೇ? – ಭೌತಶಾಸ್ತ್ರ ಉಪನ್ಯಾಸಕ, ಮೈಸೂರು

ಉತ್ತರ: 1926ರ ಡಿಸೆಂಬರ್ 4ರಂದು ಗೆಳೆಯ ಮ್ಯಾಕ್ಸ್ ಬಾರ್ನ್ ಅವರಿಗೆ ಬರೆದ ಪತ್ರದಲ್ಲಿ ಈ ಮಾತಿದೆ. ಅಲ್ಲಿ ‘ದೇವರು’ ಎಂಬ ಪದವೇ ಇಲ್ಲ. ಕ್ವಾಂಟಂ ಸಿದ್ಧಾಂತ ಬಹಳ ಹೇಳುತ್ತದೆ, ಆದರೆ ಆ ‘ಹಳಬ’ನ ಗುಟ್ಟಿಗೆ ನಮ್ಮನ್ನು ಹತ್ತಿರ ಒಯ್ಯುವುದಿಲ್ಲ, ಅವನು ದಾಳ ಆಡುವುದಿಲ್ಲವೆಂದು ನನಗಂತೂ ಖಾತ್ರಿಯಿದೆ ಎಂಬುದು ಅದರ ಧಾಟಿ. ಜರ್ಮನ್ ಭಾಷೆಯ ಆ ಪದದಲ್ಲಿ ಮನೆಯ ಹಿರಿಯನನ್ನು ಸಲಿಗೆಯಿಂದ ‘ನಮ್ಮ ಮುದುಕ’ ಎಂದಂಥ ಭಾವವಿದೆ. ಅಣುವಿನ ಮಟ್ಟದಲ್ಲಿ ಪ್ರಕೃತಿ ಕೇವಲ ಸಂಭವನೀಯತೆಯನ್ನು ಕೊಡುತ್ತದೆ ಎಂಬುದನ್ನು ಅವರು ಒಪ್ಪಲಿಲ್ಲ, ಪತ್ರದ ವಿಷಯ ಇಷ್ಟೇ. 1929ರಲ್ಲಿ ನ್ಯೂಯಾರ್ಕಿನ ಯೆಹೂದಿ ಧರ್ಮಗುರುವೊಬ್ಬರು ನೀವು ದೇವರನ್ನು ನಂಬುತ್ತೀರಾ ಎಂದು ತಂತಿ ಕಳುಹಿಸಿ ಕೇಳಿದಾಗ, ಇರುವುದೆಲ್ಲದರ ಕ್ರಮಬದ್ಧ ಸಾಮರಸ್ಯದಲ್ಲಿ ತೋರಿಕೊಳ್ಳುವ, ತತ್ತ್ವಜ್ಞಾನಿ ಸ್ಪಿನೋಜಾನ ದೇವರನ್ನು ನಂಬುತ್ತೇನೆ, ಮನುಷ್ಯರ ಹಣೆಬರಹ ಮತ್ತು ನಡತೆಗಳಲ್ಲಿ ತಲೆಹಾಕುವ ದೇವರನ್ನಲ್ಲ ಎಂದು ಉತ್ತರಿಸಿದರು. ಆಸ್ತಿಕ, ನಾಸ್ತಿಕ ಎಂಬ ಎರಡು ಪೆಟ್ಟಿಗೆಗಳಲ್ಲಿ ಇದನ್ನು ಯಾವುದರಲ್ಲಿಡುವಿರೋ ನಿಮಗೆ ಬಿಟ್ಟದ್ದು.

ಅಂದಹಾಗೆ, ನಮ್ಮ ದೇವರು ದಾಳ ಉರುಳಿಸುತ್ತಾನೆ. ಎಲ್ಲೋರದ 21 ಮತ್ತು 29ನೆಯ ಗುಹೆಗಳಲ್ಲಿ ಶಿವ ಪಾರ್ವತಿಯರು ಪಗಡೆಗೆ ಕುಳಿತ ಶಿಲ್ಪಗಳಿವೆ.

ಪ್ರಶ್ನೆ: ‘ಪ್ರಭುವೇ, ನನ್ನನ್ನು ನಿನ್ನ ಶಾಂತಿಯ ಸಾಧನವಾಗಿಸು’ ಎಂಬ ಪ್ರಾರ್ಥನೆ ಅಸ್ಸೀಸಿಯ ಸಂತ ಫ್ರಾನ್ಸಿಸ್ಸರದೇ? ಹಾಗೆಯೇ ‘ತನಗೆ ತಾನು ನೆರವಾಗುವವನಿಗೆ ದೇವರು ನೆರವಾಗುತ್ತಾನೆ’ ಎಂಬುದು ಬೈಬಲ್ಲಿನಲ್ಲಿ ಎಲ್ಲಿದೆ? – ಶಿಕ್ಷಕಿ, ಮಂಗಳೂರು

ಉತ್ತರ: ಎರಡಕ್ಕೂ ಇಲ್ಲವೆಂದೇ ಹೇಳಬೇಕಾಗಿದೆ. ಫ್ರಾನ್ಸಿಸ್ ತೀರಿಕೊಂಡದ್ದು 1226ರಲ್ಲಿ. ಈ ಪ್ರಾರ್ಥನೆ ಮೊದಲು ಅಚ್ಚಾಗಿ ಸಿಗುವುದು 1912ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನ ಒಂದು ಸಣ್ಣ ಧಾರ್ಮಿಕ ಪತ್ರಿಕೆಯಲ್ಲಿ, ಫ್ರೆಂಚ್ ಭಾಷೆಯಲ್ಲಿ, ಬರೆದವರ ಹೆಸರಿಲ್ಲದೆ. ಮೊದಲ ಮಹಾಯುದ್ಧ ಬಂದದ್ದರಿಂದ ಶಾಂತಿಯ ಈ ಪ್ರಾರ್ಥನೆಗೆ ಬೇಡಿಕೆ ಹೆಚ್ಚಿ, 1916ರಲ್ಲಿ ವ್ಯಾಟಿಕನ್ನಿನ ಪತ್ರಿಕೆಯಲ್ಲೂ ಪ್ರಕಟವಾಯಿತು. ಮುಂದೆ ಫ್ರಾನ್ಸಿಸ್ಸರ ಚಿತ್ರವಿರುವ ಕಾರ್ಡಿನ ಹಿಂಬದಿಯಲ್ಲಿ ಇದನ್ನು ಅಚ್ಚು ಹಾಕಿ ಹಂಚಿದರು. ಮುಂದೆ ಚಿತ್ರ, ಹಿಂದೆ ಪ್ರಾರ್ಥನೆ ಎಂದ ಮೇಲೆ ಓದಿದವರು ಎರಡನ್ನೂ ಕೂಡಿಸಿಕೊಂಡದ್ದು ಸಹಜವೇ. 1979ರಲ್ಲಿ ನೊಬೆಲ್ ಭಾಷಣಕ್ಕೆ ಮೊದಲು ಮದರ್ ತೆರೇಸಾ ಸಭಿಕರೊಡನೆ ಇದನ್ನು ಹೇಳಿಸಿದ್ದೂ ಫ್ರಾನ್ಸಿಸ್ಸರ ಪ್ರಾರ್ಥನೆ ಎಂದೇ. ಫ್ರಾನ್ಸಿಸ್ಸರ ಸ್ವಂತ ರಚನೆಯನ್ನು ಮಕ್ಕಳಿಗೆ ಹೇಳಿಕೊಡಬೇಕೆಂದಿದ್ದರೆ ಸೂರ್ಯನನ್ನು ಅಣ್ಣ, ಚಂದ್ರನನ್ನು ತಂಗಿ ಎಂದು ಕರೆಯುವ ಸ್ತುತಿಗೀತೆಯಿದೆ. ಅದರಲ್ಲಿ ‘ನಾನು, ನನ್ನನ್ನು’ ಎಂಬ ಬೇಡಿಕೆಯಿಲ್ಲ, ಗಾಳಿ ನೀರು ಬೆಂಕಿಗಳ ಸಂಭ್ರಮವಿದೆ.

ಎರಡನೆಯ ಮಾತು ಬೈಬಲ್ಲಿನ ಯಾವ ಕಾಂಡದಲ್ಲೂ ಇಲ್ಲ. ಇಂಗ್ಲಿಷಿನಲ್ಲಿ ಈ ರೂಪದಲ್ಲಿ ಅದು 1698ರಲ್ಲಿ ಪ್ರಕಟವಾದ ಆಲ್ಜರ್ನನ್ ಸಿಡ್ನಿಯ ರಾಜಕೀಯ ಗ್ರಂಥದಲ್ಲಿದೆ, 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪಂಚಾಂಗದಲ್ಲಿ ಹಾಕಿ ಅದನ್ನು ಊರೂರಿಗೆ ತಲುಪಿಸಿದ. ಅದಕ್ಕೂ ಹಿಂದೆ ಈಸೋಪನ ನೀತಿಕತೆಯೊಂದಿದೆ. ಗಾಡಿ ಕೆಸರಿನಲ್ಲಿ ಹೂತಾಗ ಕೈಕಟ್ಟಿ ನಿಂತು ಮೊರೆಯಿಟ್ಟ ಗಾಡಿಯವನಿಗೆ ಹರ್ಕ್ಯುಲಿಸ್ ದೇವರು ಪ್ರತ್ಯಕ್ಷನಾಗಿ, ಮೊದಲು ಚಕ್ರಕ್ಕೆ ಹೆಗಲು ಕೊಡು, ಎತ್ತುಗಳನ್ನು ಎಬ್ಬಿಸು, ಆಮೇಲೆ ನನ್ನನ್ನು ಕರೆ ಎನ್ನುತ್ತಾನೆ.